ಆವಕ ನಂಬರ್ ಬೀಳದ ಕಾಗದ

ಇವತ್ತಿಗೂ ಯಾವುದಾದರೂ ಕಚೇರಿಯಲ್ಲಿ ಯಾರಾದರೂ "ಇದಕ್ಕಿನ್ನೂ ಆವಕ ನಂಬರ್ ಬಿದ್ದಿಲ್ರಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂದ ಕಾಗದಕ್ಕೆ ಆವಕ, ಹೋಗುವ ಕಾಗದಕ್ಕೆ ಜಾವಕ. ನಮ್ಮ ಕಡೆಯ ಕಚೇರಿಗಳು ಈ ಎರಡು ದಪ್ಪ ಬುಕ್ಕುಗಳ ಮೇಲೆಯೇ ನಿಂತಿವೆ. ಕಾಗದದಲ್ಲಿ ಏನು ಬರೆದಿದೆ ಎಂದು ಯಾರೂ ಕೇಳುವುದಿಲ್ಲ, ನಂಬರ್ ಬಿತ್ತೋ ಇಲ್ಲವೋ ಎಂದು ಕೇಳುತ್ತಾರೆ. ಮನೆಗೆ ಬೆಂಕಿ ಬಿದ್ದಿದೆ ಎಂದು ಚೀಟಿ ಬಂದರೂ ಮೊದಲು ಅದಕ್ಕೆ ಶಿಕ್ಕಾ, ಅಂದರೆ ಮೊಹರು, ಹೊಡೆದು ಆಮೇಲೆ ಕೊಡ ಹುಡುಕುವ ಮಂದಿ ಇವರು. ಥೂ!

ಇಷ್ಟು ಬೈಯಲು ನನಗೇನು ಹಕ್ಕಿದೆ ಎನ್ನುವುದನ್ನೂ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಥಣಿಯಲ್ಲಿ ದ್ರಾಕ್ಷಿ ಬೆಳೆಗಾರರ ಒಂದು ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಅಥಣಿ, ಕಾಗವಾಡ, ರಾಯಬಾಗ ಕಡೆಯ ರೈತರು ಸಂಘದ ಸದಸ್ಯರು. ಅವರ ದ್ರಾಕ್ಷಿ ಮುಂಬಯಿಯಲ್ಲಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ದ್ರಾಕ್ಷಿಯನ್ನು ಹಡಗಿನ ದಿನ ನೋಡಿಯೇ ಕಡಿಯಬೇಕು. ಬಳ್ಳಿಯಲ್ಲಿದ್ದರೆ ಇನ್ನೂ ಎಂಟು ದಿನ ತಡೆಯುತ್ತದೆ. ಕಡಿದ ಮೇಲೆ ತಂಪು ಸಿಗದಿದ್ದರೆ ಎರಡೇ ದಿನದಲ್ಲಿ ತೊಟ್ಟು ಒಣಗಿ ಕಾಯಿ ಉದುರಲು ಶುರು.

ಆ ವರ್ಷ ಅಥಣಿ ಹತ್ತಿರದ ಅನಂತಪುರದ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಮೊದಲ ಸಲ ಹೊರದೇಶಕ್ಕೆ ಮಾಲು ಕಳಿಸುವವನಿದ್ದ. ಅವನೂ ಅವನ ಹೆಂಡತಿ ಕಾಕೂನೂ ದಿನಾ ಒಂದೊಂದು ಗೊನೆ ಹಿಡಿದು, ಪ್ಲಾಸ್ಟಿಕ್ಕಿನ ಪುಟ್ಟ ಬಳೆಯಂಥ ಅಳತೆಯಲ್ಲಿ ಕಾಯಿ ತೂರಿಸಿ ನೋಡುತ್ತಿದ್ದರು. ಅದಕ್ಕಿಂತ ಸಣ್ಣ ಕಾಯಿಗಳನ್ನು ಕತ್ತರಿಯಿಂದ ತೆಗೆಯುತ್ತಿದ್ದರು. ನನ್ನನ್ನು ಓದಿಸಿದವನೂ ಇದೇ ಕಾಕಾ. ಅಪ್ಪ "ಹೆಣ್ಣ ಹುಡಿಗಿಗೆ ಮಷೀನ್ ಯಾತಕ್ಕ?" ಎಂದಾಗ, "ನಿನಗ ತಿಳೀದಿದ್ರ ಸುಮ್ಮ ಕೂಡ್ ಅಣ್ಣಾ" ಎಂದು ನನ್ನನ್ನು ಬಸ್ಸು ಹತ್ತಿಸಿಕೊಂಡು ಬೆಳಗಾವಿಗೆ ಹೋಗಿ ಡಿಪ್ಲೊಮಾಕ್ಕೆ ಹೆಸರು ಹಚ್ಚಿಸಿ ಬಂದಿದ್ದ. ಊರಲ್ಲಿ ಯಾರು ಸಿಕ್ಕರೂ "ನಮ್ಮ ಮಗಳ ಕಂಪ್ಯೂಟರ್ ಕಲತಾಳ" ಎನ್ನುತ್ತಿದ್ದ.

ಹಡಗಿನ ಸುದ್ದಿ ಮುಂಬಯಿಯ ಏಜಂಟರಿಂದ ಫೋನಿನಲ್ಲಿ ಬರುತ್ತಿತ್ತು. ಲೈನ್ ಸಿಗುತ್ತಿರಲಿಲ್ಲ, ಸಿಕ್ಕರೆ ಕೇಳಿಸುತ್ತಿರಲಿಲ್ಲ. ಆ ವರ್ಷ ಏಜಂಟರು ಇಮೇಲ್ ಶುರು ಮಾಡಿ, ನೀವೂ ಮಾಡಿಕೊಳ್ಳಿ ಎಂದರು. ಸಂಘದಲ್ಲಿ ಒಂದು ಯುನಿಕ್ಸ್ ಯಂತ್ರವಿತ್ತು, ಮೋಡೆಮ್ ತರಿಸಿದೆವು, ಇನ್ನು ಬೇಕಾದದ್ದು ಮೇಲ್ ಸರ್ವರ್. ಮೇಲ್ ಸರ್ವರ್ ಅಂದರೆ ದೊಡ್ಡ ಮಾತೇನಲ್ಲ, ಯಂತ್ರದೊಳಗಿನ ಅಂಚೆ ಕಚೇರಿ. ಬಂದ ಕಾಗದವನ್ನು ಯಾರದೆಂದು ನೋಡಿ ಅವರ ಡಬ್ಬಿಗೆ ಹಾಕುವುದು, ಹೋಗುವುದನ್ನು ಸಾಲಿನಲ್ಲಿಟ್ಟು ಫೋನ್ ಸಿಕ್ಕಾಗ ಕಳಿಸುವುದು. ಆದರೆ ನಮಗೆ ಅದು ತಯಾರಾಗಿ ಸಿಗಲಿಲ್ಲ. ಪ್ರೋಗ್ರಾಮಿನ ಮೂಲ ಬರಹ ತರಿಸಿ, ನಮ್ಮ ಯಂತ್ರಕ್ಕೆ ಒಗ್ಗುವ ಹಾಗೆ ತಿದ್ದಿ, ಇಲ್ಲೇ ಕಟ್ಟಿಕೊಳ್ಳಬೇಕಾಯಿತು.

ಪುಣೆಯಿಂದ ಬಸ್ ಪಾರ್ಸಲ್‌ನಲ್ಲಿ ಏಳು ಫ್ಲಾಪಿ ಬಂದವು. ನಾಲ್ಕನೆಯದು ಓದಲೇ ಇಲ್ಲ. ಅದೊಂದನ್ನೇ ಮತ್ತೆ ತರಿಸಲು ಒಂದು ವಾರ. "ಮೇಕ್" ಎಂದು ಬರೆದು ಎಂಟರ್ ಒತ್ತಿದರೆ ಯಂತ್ರ ಒಂದೊಂದೇ ತುಂಡು ಕಟ್ಟುತ್ತ ಹೋಗಿ, ಅರ್ಧಕ್ಕೆ ಬಂದು, ಯಾವುದೋ ಲೈಬ್ರರಿ, ಅಂದರೆ ಅದಕ್ಕೆ ಬೇಕಾದ ಇನ್ನೊಂದು ತುಂಡು, ಸಿಗಲಿಲ್ಲವೆಂದು ಮುಖ ತಿರುವುತ್ತಿತ್ತು. ಅದನ್ನು ಸರಿ ಮಾಡಿದರೆ ಮುಂದೆ ಇನ್ನೊಂದು ತಕರಾರು. ಅಷ್ಟರಲ್ಲಿ ಕರೆಂಟ್ ಮಾಯ. ಹೇಗೆ ಕೆಲಸ ಮಾಡಬೇಕೆಂದು ಸರ್ವರಿಗೆ ಬರೆದಿಡುವ ಕಾನ್ಫಿಗರೇಶನ್ ಫೈಲ್ ತೆಗೆದು ನೋಡಿದರೆ ಕೋಳಿ ಕೆದರಿದ ತಿಪ್ಪೆ! ಎಲ್ಲಿ ನೋಡಿದರೂ ಡಾಲರ್, ಹ್ಯಾಶ್, ಕಂಸ. ಒಂದು ಕಡೆ ಟ್ಯಾಬ್ ಇರಬೇಕಾದಲ್ಲಿ ಖಾಲಿ ಜಾಗ ಬಿಟ್ಟದ್ದಕ್ಕೆ ಎರಡು ದಿನ ಹೋಯಿತು. ಮೂರು ವಾರ ಗುದ್ದಾಡಿದೆ. ಕಡೆಗೊಂದು ಮಧ್ಯಾಹ್ನ ಮೋಡೆಮ್ ಕಿರಿಕಿರಿ ಕೂಗಿ, ನಾನು ಕಳಿಸಿದ ಕಾಗದಕ್ಕೆ ಮುಂಬಯಿಯಿಂದ ಉತ್ತರ ಬಂದಾಗ ನಾನು ಕುರ್ಚಿಯಿಂದ ಎದ್ದು ಕೇಕೆ ಹಾಕಿದ್ದೆ. ಪಕ್ಕದಲ್ಲಿ ದ್ರಾಕ್ಷಿ ಪ್ಯಾಕಿಂಗ್ ಮಾಡುವ ಹೆಂಗಸರು "ಏನಾತವ್ವಾ?" ಎಂದು ಓಡಿ ಬಂದಿದ್ದರು.

ಆ ಖುಷಿಯಲ್ಲೇ ಏಜಂಟರಿಗೆ ಒಂದು ಪತ್ರ ಟೈಪು ಮಾಡಿ ಸಂಘದ ಚೇರ್ಮನ್ನರ ಸಹಿ ಹಾಕಿಸಿದೆ: ಇನ್ನು ಮುಂದೆ ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡಿ, ಎಲ್ಲ ಸುದ್ದಿಯನ್ನೂ ಇಮೇಲಿನಲ್ಲೇ ಕಳಿಸಿ. ಆ ಪತ್ರಕ್ಕೆ ಜಾವಕ ನಂಬರ್ ಸಹ ಚೆನ್ನಾಗಿ ಬಿದ್ದಿತ್ತು.

ಹದಿನೈದು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಕಾಗವಾಡದ ಒಬ್ಬ ಸದಸ್ಯನ ಮಾಲು ಮುಂಬಯಿಯಲ್ಲಿ ನಪಾಸಾಯಿತು. ಆ ಸುದ್ದಿ ಪ್ಯಾಕಿಂಗ್ ಮ್ಯಾನೇಜರರ ಡಬ್ಬಿಗೆ ಬಂತು. ಅವರು ಸದಸ್ಯನಿಗೆ ತಿಳಿಸಿದರು. ಸದಸ್ಯ ಬಂದು ಚೇರ್ಮನ್ನರ ಟೇಬಲ್ ಗುದ್ದಿದ. ಚೇರ್ಮನ್ನರಿಗೆ ವಿಷಯವೇ ಗೊತ್ತಿರಲಿಲ್ಲ. ಮಂದಿಯ ಮುಂದೆ ಮುಖಭಂಗ. ಅವನು ಹೋದ ಮೇಲೆ ನನ್ನನ್ನು ಕರೆಸಿದರು.

"ಏನವಾ, ಈ ಸಂಘಕ್ಕ ಬಂದ ಕಾಗದ ನನಗಿಂತ ಮೊದಲ ಮಂದಿಗೆ ಗೊತ್ತಾಗತೈತಿ? ನಾ ಇಲ್ಲಿ ಯಾತಕ್ಕ ಕುಂತೀನಿ? ಟಪಾಲ ಬಂದ್ರ ನಾ ಸಹಿ ಮಾಡತೀನಿ, ಆವಕ ನಂಬರ್ ಬೀಳತೈತಿ, ಆಮ್ಯಾಲ ಯಾರದೋ ಅವರಿಗೆ ಹೋಗತೈತಿ. ನಿನ್ನ ಮಷೀನಕ್ಕೂ ಹಂಗ ಮಾಡು."

"ಬಂದ ಕೂಡ್ಲೇ ಮುಟ್ಟಲಿ ಅಂತನ ಇದನ್ನ ಹಾಕೇವ್ರೀ ಸಾಹೇಬ್ರ."

"ನಿನಗ ಬರೂದಿಲ್ಲ ಅಂದ್ರ ಹೇಳಿಬಿಡು. ಬರಾವ್ರನ್ನ ಕರಸ್ತೀನಿ."

ಆ ಒಂದು ಮಾತು ನನ್ನ ನೆತ್ತಿಗೇರಿತು. ನನಗೆ ಬರುವುದಿಲ್ಲವೇ? ಏಳು ಫ್ಲಾಪಿಯಿಂದ ಕಟ್ಟಿ ನಿಲ್ಲಿಸಿದವಳು ನಾನು! ಹೋಗಿ ಕೂತವಳೇ ಅದೇ ಕಾನ್ಫಿಗರೇಶನ್ ಫೈಲ್ ತೆಗೆದೆ. ಬಂದ ಕಾಗದವನ್ನು ಡಬ್ಬಿಗೆ ಹಾಕದೆ ಸಾಲಿನಲ್ಲೇ ತಡೆದಿಡು ಎಂದು ಒಂದು ಸಾಲು ಬರೆದೆ. ಶಿರಸ್ತೇದಾರ ಎಂದು ಎಲ್ಲರೂ ಕರೆಯುತ್ತಿದ್ದ ನಮ್ಮ ಹಳೆಯ ಗುಮಾಸ್ತರು ಬಂದ ಕಾಗದಗಳ ಪಟ್ಟಿಯ ಮೇಲೆ ಚೇರ್ಮನ್ನರ ಸಹಿ ತೆಗೆದುಕೊಂಡು, ಬುಕ್ಕಿನಲ್ಲಿ ನಂಬರ್ ಬರೆದು, ಶಿಕ್ಕಾ ಹೊಡೆದು, ಬಂದು ಒಂದು ಕೀಲಿ ಒತ್ತಿದರೆ ಮಾತ್ರ ಕಾಗದ ಮುಂದೆ ಹೋಗಬೇಕು. ಅಂಥ ಒಂದು ಸಣ್ಣ ಪ್ರೋಗ್ರಾಮನ್ನೂ ಬರೆದುಕೊಟ್ಟೆ. ಬಹಳ ಚಂದ ಕೆಲಸ ಮಾಡಿತು. ಚೇರ್ಮನ್ನರು "ಶಾಣೆ ಅದಿ ಬಿಡು" ಎಂದರು. ನಾನು ಹಿಗ್ಗಿದೆ. ಈಗ ಬರೆಯುವಾಗ ಆ ಹಿಗ್ಗಿದ ಮುಖಕ್ಕೆ ಒಂದು ಬಿಗಿಯಬೇಕು ಅನಿಸುತ್ತದೆ.

ಮಾರ್ಚಿನ ಒಂದು ಗುರುವಾರ. ಶನಿವಾರ ಬೆಳಿಗ್ಗೆ ಕಾಕಾನ ತೋಟದಲ್ಲಿ ಕಡಿತ ಎಂದು ಮೊದಲೇ ನಿಕ್ಕಿಯಾಗಿತ್ತು. ಸಂಜೆ ಮಾಲು ಒಯ್ಯಲು ಕಂಟೇನರ್ ಗಾಡಿ ಬರುವುದಿತ್ತು. ಚೇರ್ಮನ್ನರು ಆ ಮುಂಜಾನೆ ಬೀಗರ ಮನೆಯ ಮದುವೆಗೆಂದು ನಿಪ್ಪಾಣಿಗೆ ಹೋದರು, ಶಿಕ್ಕಾವನ್ನು ತಮ್ಮ ಡ್ರಾದಲ್ಲಿಟ್ಟು ಕೀಲಿ ಹಾಕಿಕೊಂಡು. ಮಧ್ಯಾಹ್ನ ಹನ್ನೆರಡಕ್ಕೆ ಮೋಡೆಮ್ ಕೂಗಿತು. ತಡೆದಿಟ್ಟ ಕಾಗದಗಳ ಸಾಲು ತೆಗೆದು ನೋಡಿದೆ. ಏಜಂಟರಿಂದ ಒಂದೇ ಒಂದು ಕಾಗದ. ಆ ಪಟ್ಟಿಯಲ್ಲಿ ಯಾರಿಂದ, ಯಾರಿಗೆ, ಎಷ್ಟು ಗಂಟೆಗೆ ಎಂದು ಕಾಣುತ್ತದೆ, ಒಳಗಿನ ಮಾತು ಕಾಣುವುದಿಲ್ಲ. ತೆರೆದು ನೋಡಲು ನನಗೆ ಬರುತ್ತಿತ್ತು. ಮಂದಿಯ ಕಾಗದ ಓದಬಾರದು ಎಂದು ಸುಮ್ಮನಾದೆ. ಅದು ಸಣ್ಣ ಕಾರಣ. ದೊಡ್ಡ ಕಾರಣ ಹೆದರಿಕೆ. ನೌಕರಿ ಹೋದೀತು ಎಂಬ ಹೆದರಿಕೆ.

ಗುಮಾಸ್ತರ ಹತ್ತಿರ ಹೋಗಿ, "ಮುಂಬೈ ಕಾಗದ ಬಂದೈತ್ರಿ, ಹಡಗಿಂದ ಇರಬೇಕು, ಬಿಡೂಣ್ರಿ" ಎಂದೆ.

"ಸಹಿ ಇಲ್ಲ, ಶಿಕ್ಕಾ ಇಲ್ಲ, ಹೆಂಗ ಬಿಡೂದು ತಂಗಿ? ಸಾಹೇಬ್ರು ಬರಲಿ" ಎಂದು ಅವರು ಎಲೆಗೆ ಸುಣ್ಣ ಹಚ್ಚಿದರು.

ಬಾಗಿಲಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ ಹೆಂಗಸೊಬ್ಬಳು ನಕ್ಕು, "ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ನೋಡ್ರಿ" ಎಂದಳು. ನಾನೂ ನಕ್ಕೆ. ಶುಕ್ರವಾರ ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ಸಂಜೆ ಮನೆಗೆ ಹೋಗುವ ಮುಂಚೆ ಸಾಲು ತೆಗೆದು ನೋಡಿದೆ, ಕಾಗದ ಅಲ್ಲೇ ಕೂತಿತ್ತು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಚೇರ್ಮನ್ನರು ಬಂದರು. ಹಣೆಯ ಮೇಲೆ ಮದುವೆಯ ಅಕ್ಷತೆಯ ಕೆಂಪು ಇನ್ನೂ ಇತ್ತು. ಸಹಿಯಾಯಿತು, ನಂಬರ್ ಬಿತ್ತು, ಶಿಕ್ಕಾ ಬಿತ್ತು, ಗುಮಾಸ್ತರು ಬಂದು ಕೀಲಿ ಒತ್ತಿದರು. ಪ್ರಿಂಟರಿನಿಂದ ಬಂದ ಹಾಳೆಯನ್ನು ನಾನೇ ಮೊದಲು ಓದಿದೆ. ಎರಡೇ ಸಾಲು. ಹಡಗು ಆರು ದಿನ ತಡ. ನಾವು ತಿಳಿಸುವ ತನಕ ಮಾಲು ಕಡಿಯಬೇಡಿ.

ಮುಂಬಯಿಗೆ ಫೋನ್ ಹಚ್ಚಿ ಕೂಗಾಡಿದೆ. ಆ ಕಡೆಯವನು ಮರಾಠಿಯಲ್ಲಿ ನನಗಿಂತ ಜೋರಾಗಿ, "ಮೇಲ್ ಪಾಠವಲಾ ಹೋತಾ ನಾ, ಗುರುವಾರೀಚ್!" ಎಂದ. ಗುರುವಾರವೇ ಕಳಿಸಿದ್ದೇವಲ್ಲ! ಸುಳ್ಳಲ್ಲ, ಕಳಿಸಿದ್ದರು. ಫೋನ್ ಮಾಡಬೇಡಿ ಎಂದು ಬರೆದವಳೂ ನಾನೇ.

ಸಿಕ್ಕ ಬಸ್ಸು ಹತ್ತಿ ಅನಂತಪುರಕ್ಕೆ ಹೋದೆ. ತೋಟದ ತುಂಬ ಬರೀ ಎಲೆ. ನಸುಕಿನಲ್ಲಿ ಶುರುವಾದ ಕಡಿತ ಆಗಲೇ ಮುಗಿದಿತ್ತು. ಶೆಡ್ಡಿನಲ್ಲಿ ಕ್ರೇಟಿನ ಮೇಲೆ ಕ್ರೇಟು, ಬಂಗಾರದ ಬಣ್ಣದ ಕಾಯಿ, ಮೇಲೆ ಒದ್ದೆ ಗೋಣಿತಟ್ಟು. ಕಾಕಾ ನನ್ನನ್ನು ನೋಡಿ, "ಬಂದಿ ಮಗಳ? ನೋಡು ಹೆಂಗೈತಿ ಮಾಲು! ಗಾಡಿ ಹಿಂದ ಬರಾಕತ್ತೈತೇನು?" ಎಂದ. ನಾನು ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ. ಕಾಕು ಅಲ್ಲೇ ಕ್ರೇಟಿಗೆ ಆತು ಕೂತುಬಿಟ್ಟಳು.

ಸಂಘದ ಕೋಲ್ಡ್ ರೂಮು ಹಿಂದಿನ ಮಾಲಿನಿಂದ ತುಂಬಿತ್ತು. ಸೋಮವಾರದ ಹೊತ್ತಿಗೆ ಕಾಯಿ ತೊಟ್ಟು ಬಿಡತೊಡಗಿತು. ಮುಟ್ಟಿದರೆ ಉದುರುತ್ತಿತ್ತು. ಒಳ್ಳೆಯದನ್ನು ಆರಿಸಿ ಒಣದ್ರಾಕ್ಷಿಗೆ ಹಾಕಿದರು, ಉಳಿದದ್ದು ತಿಪ್ಪೆಗೆ ಹೋಯಿತು. ಬಳೆಯಲ್ಲಿ ತೂರಿಸಿ ನೋಡಿದ ಕಾಯಿ, ತಿಪ್ಪೆಗೆ!

ಅದರ ಹಿಂದಿನ ದಿನ, ಭಾನುವಾರ, ಸಂಘದ ಮೀಟಿಂಗಿನಲ್ಲಿ ಚೇರ್ಮನ್ನರು ಎದ್ದು ನಿಂತು, "ಏನ್ ಮಾಡೂದ್ರಿ, ಕಂಪ್ಯೂಟರ್ ಕೈ ಕೊಟ್ಟತು" ಎಂದಿದ್ದರು. ಕೈ ಕೊಟ್ಟಿತಂತೆ! ಆ ಯಂತ್ರ ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿತ್ತು. ತಡೆದಿಡು ಎಂದರು, ತಡೆದಿಟ್ಟಿತು.  ಅದನ್ನು ನಾನು ಎದ್ದು ಹೇಳಲಿಲ್ಲ. ಗೋಡೆ ನೋಡುತ್ತ ಕೂತೆ. ಆಮೇಲೆ ಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕಿದೆ, ಅದಕ್ಕೇನು ಬೆಲೆ?

ಸೋಮವಾರ ಮಧ್ಯಾಹ್ನ ಕಾಕಾ ಕಚೇರಿಗೆ ಬಂದ. ಚೇರ್ಮನ್ನರ ಕೋಣೆಗೆ ಹೋಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ನೇರ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ. ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಕಾಗದ ಎಲ್ಲಿತ್ತು, ತೋರಸು."

ತೋರಿಸಿದೆ. ಗುರುವಾರ ಹನ್ನೆರಡು ಗಂಟೆಗೆ ಬಂದದ್ದು ಯಂತ್ರದಲ್ಲಿ ದಾಖಲಾಗಿತ್ತು. ಶನಿವಾರ ಬಿಟ್ಟದ್ದೂ ಇತ್ತು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಓದಿ ಹೇಳು ಎಂದ. ಓದಿ ಹೇಳಿದೆ. ಬೆರಳನ್ನು ಪರದೆಯ ಮೇಲಿಟ್ಟ.

"ಎರಡ ದಿನ ಇಲ್ಲೇ ಕುಂತಿತ್ತೇನು?"

"ಹೂಂ ಕಾಕಾ."

"ಮುಂದ ಹೋಗದಂಗ ಯಾರ್ ತಡದ್ರು?"

"ಚೇರ್ಮನ್ ಸಾಹೇಬ್ರು ಹೇಳಿದ್ರು, ಆವಕ ನಂಬರ್..."

"ಹೇಳಿದವ್ರನ್ನ ಕೇಳಲಿಲ್ಲ ಮಗಳ. ಮಾಡಿದವ್ರು ಯಾರು?"

"ನಾನ ಕಾಕಾ."

ಅವನು ತಲೆ ಆಡಿಸಿದ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಅದನ್ನ ತಗ್ಯಾಕ ಎಷ್ಟೊತ್ತ ಹಿಡೀತೈತಿ?"

"ಎರಡ ನಿಮಿಷ."

"ಗುರುವಾರಾನೂ ಎರಡ ನಿಮಿಷಾನ ಹಿಡೀತಿತ್ತೇನು?"

 ಕಾಕಾ ಉತ್ತರಕ್ಕೆ ಕಾಯಲಿಲ್ಲ. ಟೋಪಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಯಾರನ್ನೂ ಕೇಳದೆ ಫೈಲ್ ತೆಗೆದು, ತಡೆದಿಡು ಎಂದು ಬರೆದಿದ್ದ ಆ ಸಾಲು ಅಳಿಸಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.