ಕಿವಿಯೂ ಬೇಕು, ಗಾಡಿಯೂ ಬೇಕು

ಗುಬ್ಬಿಯ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಂಗಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಲೇಡೀಸ್ ಸೈಕಲ್ಲೊಂದರ ಪಕ್ಕದಲ್ಲಿ ಕೂತಿದ್ದಾರೆ. ಸೈಕಲ್ಲಿನ ಹಿಂಚಕ್ರದ ಎಡಮಗ್ಗುಲಿಗೆ, ಕ್ಯಾರಿಯರ್ ಕೆಳಗೆ ಒಂದು ಪುಟ್ಟ ಎಂಜಿನ್ನು ತೂಗುಬಿದ್ದಿದೆ. ಹಗ್ಗ ಸುತ್ತಿ ಎಳೆಯುತ್ತಾರೆ. ಮೊದಲ ಎಳೆತಕ್ಕೆ ಕೆಮ್ಮುತ್ತದೆ, ಎರಡನೆಯದಕ್ಕೆ ಹೊಗೆ ಬಿಡುತ್ತದೆ, ಮೂರನೆಯದಕ್ಕೆ ಹಿಡಿದುಕೊಳ್ಳುತ್ತದೆ. ಎಂಜಿನ್ನು ಓಡುತ್ತಿರುವಾಗಲೇ ಸುಲಿದ ತೆಂಗಿನಕಾಯಿಯೊಂದನ್ನು ಎತ್ತಿ, ಜಗುಲಿಯ ಮೇಲೆ ಕೂತ ಗಂಡ ಚಿಕ್ಕಮಾರಯ್ಯನವರ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ.

"ಏನೂಂದ್ರೆ, ಕೇಳುಸ್ತಾ?"

"ಆಗಿಲ್ಲ. ಇನ್ನೊಂದ್ ತಿಂಗ್ಳು ಬೇಕು ಇದ್ಕೆ."

"ಇದು?"

"ಇದಾಗೈತೆ. ಸಾಕ್ ಬುಡೇ ರಂಗಿ, ಹೊತ್ತಾಯ್ತು."

"ಮೂರ್ ಕಾಯಿ ಆಗ್ಲಿ. ಆಮೇಲ್ ಹೋಗಿ."

ಮೂರನ್ನೂ ಅಲ್ಲೇ ಒಡೆದು ನೋಡುತ್ತಾರೆ. ಒಂದು ತಪ್ಪಿದರೂ ಗಾಡಿ ಅಂದು ಓಣಿ ದಾಟುವುದಿಲ್ಲ. ರಂಗಲಕ್ಷ್ಮಮ್ಮ ಸ್ಪಾನರ್ ಹಿಡಿದು ಸೈಲೆನ್ಸರ್ ಬಿಚ್ಚುತ್ತಾರೆ. ಒಡೆದ ಕಾಯಿ ಆ ದಿನದ ಅಡುಗೆಗೆ.

ಚಿಕ್ಕಮಾರಯ್ಯನವರ ಕಸುಬು ಇರುವುದು ಕಿವಿಯಲ್ಲಿ. ಈ ಸೀಮೆಯ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಗುಂಡು ಕೊಬ್ಬರಿಯಾದರೆ ಅದೇ ಗಿಟುಕು. ಆಗುವ ಮುಂಚೆ ಒಡೆದರೆ ಕೊಬ್ಬರಿ ಕರಟಕ್ಕೆ ಅಂಟಿ ಚೂರಾಗುತ್ತದೆ, ವರ್ಷದ ಫಸಲು ಮಣ್ಣುಪಾಲಾಗುತ್ತದೆ. ಹಾಗಾಗಿ ತೋಟದವರು ಮೊದಲು ಇವರನ್ನು ಕರೆಸುತ್ತಾರೆ. ಅಟ್ಟದ ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ಕಾಯಿ ತರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಇವರು 'ಒಡೆಸಿ' ಅಂದರೆ ಒಡೆಸುತ್ತಾರೆ, 'ತಡೀರಿ' ಅಂದರೆ ತಡೆಯುತ್ತಾರೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅಟ್ಟದ ಏಣಿ ಜಾರಿ ಬಿದ್ದ ಮೇಲೆ ಅವರ ಎಡಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಸೈಕಲ್ ತುಳಿಯಲಾಗದು. ಬಸ್ಸು ತೋಟದ ಬಾಗಿಲಿಗೆ ಹೋಗದು. ಎತ್ತಿನ ಗಾಡಿಯಲ್ಲಿ ಹೋದರೆ ದಿನಕ್ಕೆ ಒಂದೇ ಅಟ್ಟ. ನೆಂಟರಿಷ್ಟರೆಲ್ಲ ಸೇರಿ, ಇನ್ನು ಮನೆಯಲ್ಲಿ ಕೂತು ಉಣ್ಣಲಿ ಎಂದು ತೀರ್ಮಾನ ಮಾಡಿದರು. ರಂಗಲಕ್ಷ್ಮಮ್ಮ ಒಪ್ಪಲಿಲ್ಲ. "ಮುರ್ದಿದ್ದು ಕಾಲು. ಕಿವಿ ಏನ್ ಮುರ್ದಿತ್ತಾ? ಯಾಕ್ ಕೂತ್ಕೋಬೇಕು?" ಎಂದು ಅವರು ಇವತ್ತಿಗೂ ಅದೇ ಸಿಟ್ಟಿನಲ್ಲಿ ಕೇಳುತ್ತಾರೆ.

ಆ ಹೊತ್ತಿಗೆ ಅವರು ಗಂಗಣ್ಣನ ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿದ್ದರು. ಕಸ ಗುಡಿಸಲು ಹೋದವರು ವರ್ಷದೊಳಗೆ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತತೊಡಗಿದರು. ಈಗ ದಿನಕ್ಕೆ ಎರಡು ಮೋಟಾರು ಅವರ ಕೈಯಲ್ಲಿ ಮುಗಿಯುತ್ತವೆ. ಬೆರಳ ತುದಿಗಳಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳಿವೆ. ಅಂಗಡಿಯ ಮೂಲೆಯಲ್ಲಿ, ಬೆನ್ನಿಗೆ ಕಟ್ಟಿಕೊಂಡು ಗಿಡಕ್ಕೆ ಔಷಧಿ ಹೊಡೆಯುವ ಯಂತ್ರವೊಂದು ತುಕ್ಕು ಹಿಡಿದು ಬಿದ್ದಿತ್ತು. ಅದರ ಎಂಜಿನ್ನು ಕೊಡಿ ಅಂದಾಗ ಗಂಗಣ್ಣ ನಕ್ಕಿದ್ದರಂತೆ.

"ತಂತಿ ಸುತ್ಕೊಂಡಿರಮ್ಮ ಸಾಕು. ಹೆಂಗಸ್ರ ಕೈಗೆ ಎಂಜಿನ್ ಬಗ್ಗಲ್ಲ."

"ಬಗ್ಗೋದ್ ಬೇಡ ಕಣಣ್ಣ, ತಿರುಗುದ್ರೆ ಸಾಕು."

ಕೊನೆಗೂ ಎಂಜಿನ್ನು ಕೈಗೆ ಬಂತು. ಎರಡು ತಿಂಗಳ ವಾರದ ರಜೆಗಳು ಅದಕ್ಕೇ ಹೋದವು. ಮಡಚದ ಕಾಲನ್ನು ಎತ್ತಿ ದಾಟಿಸುವ ಕಷ್ಟ ಬೇಡವೆಂದು ಲೇಡೀಸ್ ಸೈಕಲ್ಲನ್ನೇ ಆರಿಸಿದರು. ಹಿಂಚಕ್ರದ ಕಡ್ಡಿಗಳಿಗೆ ಇನ್ನೊಂದು ರಿಮ್ಮು ಬಿಗಿದು, ಹಿಟ್ಟಿನ ಗಿರಣಿಯ ಹಳೇ ಬೆಲ್ಟನ್ನು ಎಂಜಿನ್ನಿನಿಂದ ಅದಕ್ಕೆ ಎಳೆದರು. ಎಡಗಾಲು ಚಾಚಿಕೊಳ್ಳಲು ಒಂದು ಕಬ್ಬಿಣದ ಪಟ್ಟಿ. ಎಂಬತ್ತೆರಡರ ಬೇಸಿಗೆಯಲ್ಲಿ ಗಾಡಿ ಪೇಟೆ ಬೀದಿಗಿಳಿಯಿತು.

"ನೋಡ್ರಲಾ, ಮೀಸೆ ಹೊತ್ತ ಗಂಡ್ಸು ಹೆಂಗಸ್ರ ಸೈಕಲ್ ಹತ್ತವ್ನೆ!" ಎಂದು ಬಸ್ ಸ್ಟ್ಯಾಂಡಿನ ಕಟ್ಟೆಯಿಂದ ಯಾರೋ ಕೂಗಿದರು.

"ಬಸ್ ಹತ್ತುವಾಗ ಅದು ಗಂಡೋ ಹೆಣ್ಣೋ ಅಂತ ಕೇಳಿ ಹತ್ತೀಯೇನ್ಲಾ?" ಎಂದು ಚಿಕ್ಕಮಾರಯ್ಯನವರು ಗಾಡಿ ನಿಲ್ಲಿಸದೆಯೇ ಕೇಳಿದರು.

ಆದರೆ ಗಂಡ ಹೆಂಡತಿ ಇಬ್ಬರೂ ಒಂದು ಮಾತು ಮರೆತಿದ್ದರು. ಆ ಎಂಜಿನ್ನಿನ ಆರ್ಭಟ ಊರಾಚೆಗೂ ಕೇಳುತ್ತಿತ್ತು. ನಿಟ್ಟೂರು ದಾರಿಯ ಸದಾಶಿವಯ್ಯನವರ ತೋಟ ತಲುಪಿ ಕಾಯಿ ಅಲ್ಲಾಡಿಸಿದಾಗ ಚಿಕ್ಕಮಾರಯ್ಯನವರ ಕಿವಿಯಲ್ಲಿ ಗುಂಯ್ ಎನ್ನುವುದು ಇನ್ನೂ ನಿಂತಿರಲಿಲ್ಲ. ಆ ಗುಂಯ್‌ಗುಡುವಿಕೆಯಲ್ಲೇ ಗಿಟುಕಿನ ಸದ್ದು ಕೇಳಿದಂತಾಗಿ 'ಒಡೆಸಿ' ಅಂದುಬಿಟ್ಟರು. ಇನ್ನೂರು ಕಾಯಿ ಒಡೆಯುವಷ್ಟರಲ್ಲಿ ಅರವತ್ತು ಹಸಿಯಾಗಿ ಕರಟಕ್ಕೆ ಅಂಟಿದ್ದವು. ಸದಾಶಿವಯ್ಯನವರು ಕೆಲಸ ನಿಲ್ಲಿಸಿ, "ಏನ್ಲಾ ಮಾರ, ಆ ಭೂತ ಹತ್ಕೊಂಡು ನಮ್ಮ ಅಟ್ಟದ ಕಡೆ ಬರ್ಬೇಡ" ಅಂದರು. ಮಾತು ತೋಟದಿಂದ ತೋಟಕ್ಕೆ ಹರಡಿತು. ಮೂರು ವಾರ ಯಾರೂ ಕರೆಯಲಿಲ್ಲ.

"ಕಿತ್ತಾಕ್ಬುಡು ಅಂದೆ ನಾನು," ಎನ್ನುತ್ತಾರೆ ಚಿಕ್ಕಮಾರಯ್ಯನವರು. "ಇಪ್ಪತ್ ವರ್ಷದಿಂದ ಉಳಿಸ್ಕೊಂಡಿದ್ದ ಹೆಸ್ರು ಒಂದ್ ಬೆಳಿಗ್ಗೇಲಿ ಹೋಯ್ತಲ್ಲ."

ರಂಗಲಕ್ಷ್ಮಮ್ಮ ಕೀಳಲಿಲ್ಲ. "ಕಿವೀನೂ ಬೇಕು, ಗಾಡೀನೂ ಬೇಕು ಅಂದೆ. ಒಂದ್ ಕೊಟ್ಟು ಒಂದ್ ಇಸ್ಕೊಳ್ಳೋಕೆ ನಾವೇನ್ ಸಂತೇಲಿ ಕೂತಿದೀವಾ?"

ಸದ್ದು ಅಡಗಿಸಲು ಮೊದಲು ಹೊಳೆದದ್ದು ತೆಂಗಿನ ನಾರು. ಈ ಸೀಮೆಯಲ್ಲಿ ಏನನ್ನು ತುಂಬಬೇಕೆಂದರೂ ಕೈ ಹೋಗುವುದು ಅದಕ್ಕೇ. ಹಾಲುಪುಡಿ ಡಬ್ಬಕ್ಕೆ ನಾರು ಗಿಡಿದು ಹೊಗೆ ಕೊಳವೆಗೆ ಸಿಕ್ಕಿಸಿದರು. ಗಾಡಿ ಬೆಕ್ಕಿನಂತೆ ಮೆತ್ತಗೆ ಹೊರಟು, ಬಸ್ ಸ್ಟ್ಯಾಂಡಿನ ಎದುರಿಗೇ ಹೊತ್ತಿಕೊಂಡಿತು. ಹೋಟೆಲಿನವರು ಲೋಟ ತೊಳೆಯುವ ನೀರನ್ನು ಬಕೆಟ್ಟಿನ ಸಮೇತ ಎತ್ತಿ ಸುರಿದರು. ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಕ್ಕೊಳ್ಲಿ ಬುಡಿ. ನಾರು ಉರೀತದೆ ಅಂತ ಗೊತ್ತಾಯ್ತು. ಉರೀದೇ ಇರೋದ್ ಹುಡ್ಕಿದ್ರಾಯ್ತು," ಎಂದು ರಂಗಲಕ್ಷ್ಮಮ್ಮ ಒದ್ದೆ ಗಾಡಿಯನ್ನು ತಳ್ಳಿಕೊಂಡು ಬಂದರು.

ಉರಿಯದ್ದು ಸಿಕ್ಕಿದ್ದು ತುಮಕೂರಿನ ಅಂತರಸನಹಳ್ಳಿಯಲ್ಲಿ. ಲೇತ್ ಶೆಡ್ಡೊಂದರ ಮುಂದೆ, ಕಬ್ಬಿಣ ಹೆರೆದಾಗ ಬೀಳುವ ಸುರುಳಿಗಳ ಗುಡ್ಡೆಯೇ ಇತ್ತು. ಒಂದು ಚೀಲ ಹೊತ್ತು ತಂದರು. ತೂತು ಕೊರೆದ ಕೊಳವೆಯ ಸುತ್ತ ಸುರುಳಿ ತುಂಬಿ ಡಬ್ಬ ಮುಚ್ಚಿದರು. ಬಿಗಿಯಾಗಿ ತುಂಬಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತಿತ್ತು, ಸಡಿಲ ಮಾಡಿದರೆ ಮತ್ತೆ ಕೂಗುತ್ತಿತ್ತು. ಗಂಡ ಕೆರೆ ಏರಿಯ ಮೇಲೆ ಒಂದು ಸುತ್ತು ಹೊಡೆದು ಬರುವುದು, ಹೆಂಡತಿ ಕಾಯಿ ಹಿಡಿದು ಕಾಯುವುದು, ಹೀಗೆ ನಾಲ್ಕು ಡಬ್ಬ ಹಾಳಾದವು. ಐದನೆಯದು ಒಪ್ಪಿತು.

ಕರೆಯದಿದ್ದರೂ ಇಬ್ಬರೂ ಸದಾಶಿವಯ್ಯನವರ ತೋಟಕ್ಕೆ ಹೋದರು, ಗಂಡ ಮುಂದೆ, ಹೆಂಡತಿ ಕ್ಯಾರಿಯರ್ ಮೇಲೆ. ಆಳುಗಳು ಸುಲಿಯುವುದು ಬಿಟ್ಟು ಸುತ್ತ ನೆರೆದರು. ಚಿಕ್ಕಮಾರಯ್ಯನವರು ಎಂಜಿನ್ನು ಆರಿಸಲು ಕೈ ಹಾಕಿದಾಗ ರಂಗಲಕ್ಷ್ಮಮ್ಮ ತಡೆದರು.

"ಓಡ್ತಾ ಇರ್ಲಿ. ಬುದ್ಧೀ, ಹತ್ ಕಾಯಿ ತರ್ಸಿ. ತಪ್ಪುದ್ರೆ ಗಾಡಿ ಇಲ್ಲೇ ನಿಮ್ ಬಾವಿಗ್ ಹಾಕ್ ಹೋಗ್ತೀನಿ."

ಹತ್ತು ಕಾಯಿ ಬಂದವು. ಚಿಕ್ಕಮಾರಯ್ಯನವರು ಕಣ್ಣು ಮುಚ್ಚಿ ಒಂದೊಂದನ್ನೇ ಅಲ್ಲಾಡಿಸಿದರು. ಆರು ಆಗಿದೆ, ಮೂರು ಆಗಿಲ್ಲ. ಹತ್ತನೆಯದನ್ನು ಎರಡು ಸಲ ಅಲ್ಲಾಡಿಸಿ, "ಇದು ಕೊಳ್ತೋಗೈತೆ ಬುದ್ಧಿ" ಅಂದರು. ಅದು ಮನೆ ಬಾಗಿಲ ಮರದ ಕಾಯಿ, ಕೊಳೆಯುವ ಜಾತಿಯೇ ಅಲ್ಲ ಎಂದು ಸದಾಶಿವಯ್ಯನವರು ರೇಗಿದರು. ಒಂಬತ್ತನ್ನೂ ಒಡೆಸಿದರು, ಒಂದೂ ತಪ್ಪಿರಲಿಲ್ಲ. ಹತ್ತನೆಯದನ್ನು ತಾವೇ ಒಡೆದರು. ನಾತಕ್ಕೆ ಆಳುಗಳು ಮೂಗು ಮುಚ್ಚಿಕೊಂಡರು. ಸದಾಶಿವಯ್ಯನವರು ಕೈ ತೊಳೆದುಕೊಂಡು ಬಂದು, "ಗಾಡೀನ ನೆರಳಿಗ್ ನಿಲ್ಸೋ ಮಾರ, ಟೈರ್ ಕಾಯ್ತದೆ" ಅಂದರು, ಅಷ್ಟೇ.

ಅದಾಗಿ ಮೂರು ವರ್ಷ. ಈಗ ಚಿಕ್ಕಮಾರಯ್ಯನವರು ದಿನಕ್ಕೆ ನಾಲ್ಕು ಅಟ್ಟ ನೋಡುತ್ತಾರೆ, ಸುಗ್ಗಿಯಲ್ಲಿ ಕುಣಿಗಲ್ ಕಡೆಗೂ ಹೋಗಿಬರುತ್ತಾರೆ. ಅಲ್ಲಿನ ಮೇಷ್ಟರೊಬ್ಬರು, ಪೋಲಿಯೋದಿಂದ ಕಾಲು ಸೋತ ತಮ್ಮ ಹೆಂಡತಿಗೂ ಇಂಥದೊಂದು ಬೇಕೆಂದು ಬಂದಿದ್ದರು. "ನಿಮ್ ಅಳತೆ ಕಟ್ಕೊಂಡ್ ನಾನೇನ್ ಮಾಡ್ಲಿ ಮೇಷ್ಟ್ರೇ? ಓಡ್ಸೋರ್ನ ಕರ್ಕೊಂಡ್ ಬನ್ನಿ," ಎಂದು ರಂಗಲಕ್ಷ್ಮಮ್ಮ ವಾಪಸ್ ಕಳಿಸಿದರು. ಮರುವಾರ ಆಕೆಯೇ ಬಂದು ಕೂತು ಅಳತೆ ಕೊಟ್ಟು ಹೋಗಿದ್ದಾರೆ.

ಗಾಡಿ ನೋಡಲು ಬಂದವರಿಗೆ ಗಂಗಣ್ಣ "ನಮ್ಮ ಅಂಗಡೀದೇ ಕೆಲ್ಸ" ಅನ್ನುವುದುಂಟು. ಒಳಗಿನಿಂದ ತಕ್ಷಣ ದನಿ ಬರುತ್ತದೆ: "ಅಂಗಡಿ ನಿಮ್ದು ಕಣಣ್ಣ, ಕೆಲ್ಸ ನಂದು."

ಇನ್ನೇನಾದರೂ ಆಸೆಯಿದೆಯೇ ಎಂದರೆ ರಂಗಲಕ್ಷ್ಮಮ್ಮ ತಂತಿ ಸುತ್ತುವುದನ್ನು ನಿಲ್ಲಿಸುತ್ತಾರೆ.

"ಇಷ್ಟ್ ದಿನ ಹಿಂದ್ಗಡೆ ಕೂತಿದೀನಿ. ಒಂದ್ಸಲ ನಾನೇ ಓಡಿಸ್ಕೊಂಡು ತುಮ್ಕೂರ್ ತನಕ ಹೋಗ್ಬೇಕು, ಇವ್ರು ಹಿಂದೆ ಕೂತಿರ್ಬೇಕು. ಕತ್ತಲಲ್ಲಲ್ಲ, ಹಾಡಹಗಲು, ಪೇಟೆ ಬೀದೀಲೇ. ನೋಡೋರು ಕಣ್ ತುಂಬ ನೋಡ್ಲಿ."