ತಿರುಪಿನ ಐದು ಡಿಗ್ರಿ

ನಿನ್ನೆ ಫ್ಯಾನ್ ರಿಪೇರಿಗೆ ಬಂದ ಮಿಸ್ತ್ರಿಯ ಕೈಯಲ್ಲಿ ಬೋಲ್ಟೊಂದು ಎರಡು ಸುತ್ತು ತಿರುಗಿ ಬಿಗಿದುಕೊಂಡಿತು. ಅವನು ಸ್ಪ್ಯಾನರ್ ಹಾಕಿ ಬಲವಂತ ಮಾಡಹೊರಟಾಗ ಗಪ್ಪನೆ ಕೈ ಹಿಡಿದೆ. ಇಷ್ಟಕ್ಕೆಲ್ಲ ಗಾಬರಿಯಾಗುವ ಮುದುಕನನ್ನು ಅವನು ಕಂಡಿರಲಾರ. ನಿಮಗಾದರೂ ಕಾರಣ ಹೇಳಬೇಕು.

ಐವತ್ತರ ದಶಕದ ಕೊನೆಗೆ ನಾನು ಫೋರ್ಟ್ ಬಡಾವಣೆಯ ಸರಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಮಿತ್ರದೇಶದ ಕಂಪನಿಯೊಂದರಿಂದ ಲೈಸೆನ್ಸ್ ಪಡೆದು ಅವರ ತೋಪನ್ನು ನಮ್ಮಲ್ಲೇ ತಯಾರಿಸುವುದಿತ್ತು. ಅವರ ನಕ್ಷೆಗಳನ್ನು ಗೆರೆ ತಪ್ಪದಂತೆ ನಕಲು ಮಾಡುವುದು ನನ್ನ ಕೆಲಸ. ದೇಶದ ರಕ್ಷಣೆ ನನ್ನ ಪೆನ್ನಿನ ತುದಿಯಲ್ಲಿದೆ ಎಂದು ನಂಬಿದ್ದೆ. ಊರಿಗೂ ಹಾಗೆಯೇ ಬರೆದಿದ್ದೆ.

ನಕಲನ್ನು ಪರೀಕ್ಷಿಸಿ ಸಹಿ ಹಾಕುವವರು ಧಾರವಾಡದ ಕಡೆಯ ಕುಲಕರ್ಣಿಯವರು. ಹೆಂಡತಿ ತೀರಿಕೊಂಡ ಮೇಲೆ ಸಯನ್‌ನಲ್ಲಿ ಒಬ್ಬರೇ ಇದ್ದರು. ಸಂಜೆ ಒಂದೇ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆವು. ಮಾತು ಕಡಿಮೆ.

ಆ ದೇಶವೂ ಅದರ ಜೊತೆಯ ದೇಶಗಳೂ ತಮ್ಮ ಆಯುಧಗಳ ತಿರುಪುಗಳೆಲ್ಲ ಒಂದೇ ಅಳತೆಗೆ ಬರಲಿ ಎಂದು ಒಪ್ಪಿಕೊಂಡಿದ್ದ ಕಾಲವದು. ಹಳೆಯ ತಿರುಪಿನ ಹಲ್ಲಿನ ಕೋನ ಐವತ್ತೈದು ಡಿಗ್ರಿ, ಹೊಸದರದು ಅರವತ್ತು. ಒಂದು ನಕ್ಷೆಯಲ್ಲಿ ಬೋಲ್ಟು ಹೊಸದು, ನಟ್ಟು ಹಳೆಯದು ಎಂಬುದು ಕುಲಕರ್ಣಿಯವರ ಕಣ್ಣಿಗೆ ಬಿತ್ತು. ಅಂಥ ಜೋಡಿ ಎರಡು ಸುತ್ತು ತಿರುಗಿ ಬಿಗಿದುಕೊಳ್ಳುತ್ತದೆ; ಬಲವಂತ ಮಾಡಿದರೆ ಹಲ್ಲು ಕೆಟ್ಟು, ತೋಪು ಹಾರಿಸುವಾಗ ಕಳಚಿಕೊಳ್ಳಬಹುದು. ತಪ್ಪು ಮೂಲದಲ್ಲೇ ಇತ್ತು. ಲೈಸೆನ್ಸಿನ ಪ್ರಕಾರ ಒಂದು ಗೆರೆಯನ್ನೂ ಬದಲಿಸಕೂಡದೆಂದು ಕಂಪನಿಯ ಪರಿಣತ ಹಟ ಹಿಡಿದ. ನಮ್ಮ ಸಾಹೇಬರು ಸಹಿ ಹಾಕಿ ಮುಗಿಸಿರೆಂದರು.

“ನಾ ಸಹಿ ಮಾಡಂಗಿಲ್ಲರಿ,” ಎಂದರು ಕುಲಕರ್ಣಿ. “ಈ ತೋಪಿನ ಹಿಂದ ಯಾರೋ ಒಬ್ಬಾಂವ ನಿಂತಿರ್ತಾನ.”

ಅವರನ್ನು ಕೆಳಗಿನ ದಾಖಲೆ ಕೋಣೆಗೆ ಹಾಕಿದರು. ಅವರ ಕುರ್ಚಿ ನನಗೆ ಬಂತು. ಎದ್ದು ಹೋಗುವಾಗ ನನ್ನ ನಕ್ಷೆ ಹಲಗೆಯ ಬಳಿ ನಿಂತು, “ಗೆರಿ ಛಲೋ ಹಾಕ್ತೀ. ಓದಿ ಹಾಕು,” ಎಂದರು. ಮರುದಿನ ಆ ನಕ್ಷೆಗೆ ನಾನೇ ಸಹಿ ಹಾಕಿದೆ. ಸಂಜೆ ಬೇರೆ ಡಬ್ಬಿ ಹತ್ತಿದೆ. ಆಮೇಲೆ ದಿನಾ ಬೇರೆ ಡಬ್ಬಿಯೇ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಿಂತದ್ದು ಮತ್ತೆಂದೂ ಇಲ್ಲ.

ಕೆಲವು ತಿಂಗಳ ಮೇಲೆ ಕಂಪನಿಯೇ ತಿದ್ದಿದ ನಕ್ಷೆ ಕಳಿಸಿತು. ತೋಪಿನ ಕೆಲಸ ಇನ್ನೂ ಶುರುವಾಗಿರಲಿಲ್ಲ, ಪುಣ್ಯ. ನಕ್ಷೆ ಹಿಡಿದು ಕೆಳಗೆ ಓಡಿದೆ. ಕುಲಕರ್ಣಿಯವರು ಹಿಂದಿನ ವಾರವೇ ರಾಜೀನಾಮೆ ಕೊಟ್ಟು ಹೋಗಿದ್ದರು. ಅವರನ್ನು ಕೇಳಿಕೊಂಡು ಮೇಲಿನಿಂದ ಬಂದವನು ನಾನೇ ಮೊದಲಿಗನೆಂದು ಅಲ್ಲಿನ ಸಿಪಾಯಿ ಹೇಳಿದ.

ಇದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ನಿನ್ನೆ ಸಂಜೆ ಹೆಂಡತಿಗೆ ಹೇಳಿದೆ. ಅವಳು, “ಸಯನ್‌ದಾಗ ಅವರ ಮನೀ ಎಲ್ಲಿತ್ತು?” ಎಂದಳು.

“ಗೊತ್ತಿಲ್ಲ. ಕೇಳಲೇ ಇಲ್ಲ ನಾ,” ಎಂದೆ. ಯಾವ ನೆಪವನ್ನೂ ಸೇರಿಸಲಿಲ್ಲ.