ಮಿಸ್ ಅವರ ಮೀಸೆ

ನಮ್ಮ ಚರಿತ್ರೆಯ ಮಿಸ್‌ಗೆ ಮೀಸೆಯಿತ್ತು. ತೆಳುವಾದದ್ದೇನಲ್ಲ, ಕಿಟಕಿಯ ಬಿಸಿಲಿಗೆ ನಿಂತರೆ ಹಿಂದಿನ ಬೆಂಚಿಗೂ ಕಾಣುವಂಥದ್ದು. ಹೊಸ ಹುಡುಗಿಯರು ಬಾಯಿಗೆ ಕೈಯಿಟ್ಟು ನಕ್ಕರೆ, "ನಗ್ರಮ್ಮ, ನಗ್ರಿ. ನಿಮ್ಮಪ್ಪಂದಿರಿಗೂ ಐತೆ, ಅಲ್ಲಿ ನಗಾಕೆ ಧೈರ್ಯ ಇಲ್ಲ ಅಷ್ಟೆ," ಎನ್ನುವರು. ಬೂದಿಕೋಟೆ ಕಡೆಯ ರೈತರ ಮನೆಯ ಹೆಣ್ಣು. ಚಿನ್ನದ ಗಣಿಯ ಊರಿಗಾಂನ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಂದರೂ ಮಾತು ಮಾತ್ರ ಊರಿನದೇ. ಆಸ್ಪತ್ರೆಯ ನರ್ಸಮ್ಮನೊಬ್ಬರ ಜೊತೆ ಒಂದೇ ಮನೆಯಲ್ಲಿದ್ದರು. ಸಂಜೆ ಇಬ್ಬರೂ ತರಕಾರಿಗೆ ಹೊರಟರೆ ಚೌಕಾಸಿ ಮಿಸ್‌ದು, ಚೀಲ ನರ್ಸಮ್ಮನದು.

ಗ್ರೀಸ್ ದೇಶದ ಪಾಠ ಬಂತೆಂದರೆ ಮಿಸ್ ಪುಸ್ತಕ ಮುಚ್ಚಿಬಿಡುತ್ತಿದ್ದರು. ಅಲ್ಲಿನ ದೇವರುಗಳೆಲ್ಲ ಅವರ ಬಾಯಲ್ಲಿ ಗಣಿಯವರ ನಮ್ಮ ಲೈನುಮನೆಗಳ ಅಕ್ಕಪಕ್ಕದವರಾಗುತ್ತಿದ್ದರು. ನಾನು ಹತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಅಂಥದೊಂದು ಕಥೆಯನ್ನೇ ನಾಟಕ ಮಾಡಿಸಿದರು. ಹೆಣ್ಣು ಹುಟ್ಟಿದರೆ ಕೊಲ್ಲುತ್ತೇನೆನ್ನುವ ಅಪ್ಪ. ಹುಟ್ಟಿದ ಹೆಣ್ಣನ್ನು ಗಂಡೆಂದು ಹೇಳಿ ಸಾಕುವ ಅವ್ವ. ಬೆಳೆದ ಮೇಲೆ ಅವಳಿಗೆ ಒಬ್ಬ ಹುಡುಗಿಯ ಜೊತೆ ಮದುವೆ ಗೊತ್ತಾಗುತ್ತದೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಕೊನೆಗೆ ದೇವತೆ ಬಂದು ಅವಳನ್ನು ನಿಜವಾದ ಗಂಡಾಗಿ ಮಾಡುತ್ತಾಳೆ. ಆ ಗಂಡುವೇಷದ ಹುಡುಗಿಯ ಪಾತ್ರ ನನಗೆ. ಮದುಮಗಳ ಪಾತ್ರ ನನ್ನ ಬೆಂಚಿನ ಗೆಳತಿಗೆ.

ಅವಳ ಮೇಲೆ ನನಗೆ ನಾಟಕಕ್ಕಿಂತ ಮೊದಲೇ ಮನಸ್ಸಿತ್ತು. ಯಾರ ಹತ್ತಿರ ಹೇಳುವುದು? ಮಾರಿಯಮ್ಮನ ಗುಡಿಯ ಮುಂದೆ ನಿಂತು, ತಾಯೀ, ನನ್ನ ಗಂಡು ಮಾಡು, ಇಲ್ಲಾಂದ್ರೆ ಈ ಆಸೆ ಕಿತ್ತಾಕು ಎಂದು ಬೇಡುತ್ತಿದ್ದೆ. ತಾಲೀಮು ಮುಗಿದ ಒಂದು ಸಂಜೆ ಮಿಸ್‌ನ ಕೇಳಿಯೇಬಿಟ್ಟೆ.

"ಮಿಸ್, ಆ ದೇವತೆ ಈಗ್ಲೂ ಇದ್ದಾಳಾ? ಬೇಡ್ಕೊಂಡ್ರೆ ಮಾಡ್ತಾಳಾ?"

ಮಿಸ್ ನನ್ನನ್ನು ನೋಡಿದರು. ಆಮೇಲೆ ಗೆಳತಿ ಕುಳಿತಿದ್ದ ಕಡೆ ನೋಡಿದರು. "ಯಾಕಮ್ಮಾ? ಈಗಿರೋದ್ರಲ್ಲಿ ಏನ್ ಕಮ್ಮಿ ಆಗೈತೆ ನಿಂಗೆ?" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿದರು. ಮರುದಿನ ತಾಲೀಮಿಗೆ ಹೋದರೆ ನಾಟಕದ ಕೊನೆಯೇ ಬದಲಾಗಿತ್ತು.

ವಾರ್ಷಿಕೋತ್ಸವದ ದಿನ ದೇವತೆ ತಟ್ಟೆಯಲ್ಲಿ ಮೀಸೆ ಹಿಡಿದು ಬಂದಳು. ನನಗೆ ಅಂಟಿಸುವ ಬದಲು ಮದುಮಗಳ ಕಡೆ ತಿರುಗಿ, "ಇವಳನ್ನು ಗಂಡಾಗಿಸಲೇನು, ಮಗಳೇ?" ಎಂದು ಕೇಳಿದಳು. ಗೆಳತಿ ನನ್ನ ಕೈ ಹಿಡಿದು, "ಬೇಡ ತಾಯಿ. ಇದ್ದಂಗೇ ಇರ್ಲಿ," ಎಂದಳು. ಮಿಸ್‌ಗೆ ನೆರವಾಗಲು ಬಂದಿದ್ದ ನರ್ಸಮ್ಮನೇ ಪರದೆ ಎಳೆದರು. ಹಿಂದೆ ನಿಂತಿದ್ದ ಗಣಿ ಕೆಲಸದವರು ಶಿಳ್ಳೆ ಹೊಡೆದರು.

ಹೆಡ್‌ಮಿಸ್ ಉರಿದುಬಿದ್ದರು. "ಏನ್ರೀ ಇದು, ಕಥೇನೇ ಕೆಡಿಸಿಬಿಟ್ರಲ್ಲ!"

"ಗೋಂದು ಒಣಗೋಗಿತ್ತು ಮೇಡಂ, ಮೀಸೆ ಅಂಟ್ಲಿಲ್ಲ. ನಾನೇನ್ ಮಾಡ್ಲಿ?" ಅಂದರು ಮಿಸ್, ತಮ್ಮ ಮೀಸೆಯಡಿಯಲ್ಲೇ ನಗುತ್ತಾ. ಎಂಥ ಗಟ್ಟಿಗಿತ್ತಿ! ಆಮೇಲೆ ಅವರ ಕೈಗೆ ನಾಟಕ ಕೊಡಲಿಲ್ಲ, ಅವರು ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಗೆಳತಿ ಮದುವೆಯಾಗಿ ಹೋದಳು. ನಾನು ಅತ್ತುಬಿಟ್ಟೆ, ಆದರೆ ಮಾರಿಯಮ್ಮನ ಹತ್ತಿರ ಮತ್ತೆ ಆ ವರ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮಿಸ್ ತೀರಿಕೊಂಡ ಸುದ್ದಿ ಬಂದಾಗ ನಾನು ಬಂಗಾರಪೇಟೆಯಲ್ಲಿದ್ದೆ. ನನ್ನ ಜೊತೆ ಬಾಳುತ್ತಿದ್ದವಳನ್ನು ಕರೆದುಕೊಂಡು ಓಡಿದೆ. ಬೂದಿಕೋಟೆ ಕಡೆಯ ನೆಂಟರು ಮಿಸ್ ಅವರ ಮನೆ ತುಂಬಿದ್ದರು. ತಾವೂ ಬಾಳಿದ ಅದೇ ಮನೆಯ ಬಾಗಿಲಲ್ಲಿ ನರ್ಸಮ್ಮ ಯಾರೋ ಪರವೂರಿನವರ ಹಾಗೆ ನಿಂತಿದ್ದರು. ಸ್ನಾನ ಮಾಡಿಸುವ ಹೊತ್ತಿಗೆ ಮಿಸ್ ಅವರ ಅಣ್ಣನ ಸೊಸೆ ಬ್ಲೇಡು ತಂದಳು. "ಕೊನೇಗಾದ್ರೂ ಮುಖ ಲಕ್ಷಣವಾಗಿ ಕಾಣ್ಲಿ. ಮೀಸೆ ತೆಗೆದ್ಬಿಡಾನ."

ಜನರನ್ನು ಸರಿಸಿಕೊಂಡು ನರ್ಸಮ್ಮ ಒಳಗೆ ಬಂದರು. ಅವಳ ಕೈಯಿಂದ ಬ್ಲೇಡು ತೆಗೆದುಕೊಂಡು ಕಿಟಕಿಯ ಮೇಲಿಟ್ಟರು.

"ಬೇಡಮ್ಮ. ಇದ್ದಂಗೇ ಇರ್ಲಿ."

ನರ್ಸಮ್ಮ ಚೊಂಬು ಹಿಡಿದು ತಾವೇ ನೀರು ಹಾಕಿದರು. ಅರಿಶಿನ ಕಲಸಿ ಕೆನ್ನೆಗೆ, ಹಣೆಗೆ, ಆ ಮೀಸೆಗೂ ಹಚ್ಚಿದರು. ನಾನು ಪಕ್ಕದಲ್ಲಿದ್ದವಳ ಕೈ ಹಿಡಿದುಕೊಂಡೆ, ಅಷ್ಟೂ ಜನರ ಮುಂದೆ.